ಎರಡು ಜೋಡಿ ವಾಲ್ವಿನ ಮಹಾಸಮರ

ಬದನೆಕಾಯಿ ಕಿಲೋಗೆ ಅರವತ್ತು ರೂಪಾಯಿ, ಪೇಢೆ ಅರ್ಧ ಕಿಲೋಗೆ ಇನ್ನೂರೈವತ್ತು, ಒಂದು ಕಪ್ ಚಹಾಕ್ಕೆ ಹನ್ನೆರಡು ರೂಪಾಯಿ ಇದ್ದ ಆ ಮಹಾಯುಗದಲ್ಲಿ, ಹೆಬ್ಬೆರಳಿಗಿಂತ ತುಸು ದಪ್ಪನಾದ ಎರಡು ಗಾಜಿನ ಕೊಳವೆಗಳಿಗೆ ಹದಿನೆಂಟು ಸಾವಿರ ಸುರಿದ ವೀರನನ್ನು ಮೊದಲು ನೆನೆಯುತ್ತೇನೆ. ಅವನನ್ನು ಮೀರಿಸಲೆಂದೇ ಅಂಥವೇ ಎರಡಕ್ಕೆ ಇಪ್ಪತ್ತಾರು ಸಾವಿರ ಸುರಿದ ವೀರನನ್ನು ಅನಂತರ ನೆನೆಯುತ್ತೇನೆ. ಈ ಎರಡು ಬೆಲೆಗಳನ್ನೂ ಇಬ್ಬರ ಹೆಂಡಂದಿರ ಕಿವಿಗೆ ಇಂದಿನವರೆಗೂ ಬೀಳಗೊಡದ ಕರುಣಾಮಯಿ ವಿಧಿಗೆ ಕೈಮುಗಿದು ಕಥೆ ಆರಂಭಿಸುತ್ತೇನೆ. ಹಳೆಯ ರೇಡಿಯೋಗಳ ಹೊಟ್ಟೆಯಲ್ಲಿ ಕೆಂಪಗೆ ಉರಿಯುತ್ತಿದ್ದ ವಾಲ್ವುಗಳನ್ನು ಬಲ್ಲ ಹಿರಿಯರೇ, ಅವನ್ನು ಕಂಡೇ ಇರದ ಕಿರಿಯರೇ, ಕೇಳಿ.

ಧಾರವಾಡದ ಮಾಳಮಡ್ಡಿಯಲ್ಲಿ ನಾದಾಸ್ವಾದ ಬಳಗವೆಂಬ ಸಭೆ ಇತ್ತು. ಅದರ ಸಿಂಹಾಸನದ ಮೇಲೆ ಒಂದು ವಾಲ್ವ್ ಆಂಪ್ಲಿಫೈಯರ್ ವಿರಾಜಮಾನವಾಗಿತ್ತು. ಅದರ ಎಡಕ್ಕೆ ಕೂರುತ್ತಿದ್ದವರು ಸರ್ವೇ ಇಲಾಖೆಯಿಂದ ನಿವೃತ್ತರಾದ, ಸೂಕ್ಷ್ಮಸ್ವರಶೋಧಕ, ಪರದೋಷಶ್ರವಣನಿಪುಣ, ಶ್ರೀಮದ್ ಗುರುನಾಥರಾವ್ ಕೆಂಭಾವಿ. ಬಲಕ್ಕೆ ಕೂರುತ್ತಿದ್ದವರು ಸಿಮೆಂಟ್ ವ್ಯಾಪಾರದ, ಸಭಾಮಧ್ಯಶಿರಃಕಂಪನಪ್ರವೀಣ, ಘನಗಂಭೀರಧ್ವನಿಪ್ರಿಯ, ಶ್ರೀಮದ್ ವೀರಭದ್ರಪ್ಪ ಅಣ್ಣಿಗೇರಿ. ಹನ್ನೊಂದು ವರ್ಷಗಳಲ್ಲಿ ಈ ಇಬ್ಬರು ಯಾವ ಮಾತನ್ನೂ ಒಪ್ಪಿಕೊಂಡವರಲ್ಲ.

ಸಮರಕ್ಕೆ ಕಾರಣವಾದದ್ದು ಒಂದು ಸ್ಪೂಲ್ ಟೇಪು, ಅಂದರೆ ತೆರೆದ ಚಕ್ರಕ್ಕೆ ಸುತ್ತಿದ ಹಳೆಯ ಧ್ವನಿಮುದ್ರಣ. ನಲವತ್ತೊಂಬತ್ತು ವರ್ಷಗಳ ಹಿಂದೆ ಗದಗಿನ ಒಂದು ಮನೆಯ ಬೈಠಕ್ಕಿನಲ್ಲಿ ಕಮಲಾಕ್ಷಿಬಾಯಿ ನವಲಗುಂದ ಮಾರವಾ ರಾಗ ಹಾಡಿದ್ದರು. ಅವರ ಗುರುಗಳು ಕಲ್ಲಿನಂಥವರು. ಹನ್ನೆರಡು ವರ್ಷ ಕಲಿಸಿದರೂ ಹೊಗಳಿದ್ದು ಆ ಒಂದು ಸಂಜೆ ಮಾತ್ರ, ಒಂದು ತಾನದ ಕೊನೆಗೆ, "ಶಾಭಾಸ್" ಎಂದು. ಯಾರದೋ ಟ್ರಂಕಿನಲ್ಲಿ ಸಿಕ್ಕ ಆ ಟೇಪಿನಲ್ಲಿ ಆ ಮಾತೂ ಇತ್ತು. ಎಂಬತ್ತಮೂರರ ಬಾಯಿಯವರು ಬಳಗಕ್ಕೆ ಹೇಳಿ ಕಳಿಸಿದ್ದರು: "ಒಂದು ಕಿವಿ ಹೋಗೇತಿ, ಇನ್ನೊಂದು ಹೊಂಟೇತಿ. ಪೂರಾ ಹೋಗೂದ್ರಾಗ ಅದೊಂದು ಶಾಭಾಸ್ ಕೇಳಿಸ್ರಪಾ."

ಭಾನುವಾರ ಐದು ಗಂಟೆಗೆ ಬಾಯಿಯವರು ಬರುವುದೆಂದು ನಿಶ್ಚಯವಾಯಿತು. ಅಂದು ಯಂತ್ರದಲ್ಲಿ ಯಾರ ವಾಲ್ವು ಉರಿಯಬೇಕು? ಮಧ್ಯಾಹ್ನ ಮೂರಕ್ಕೇ ಉಭಯ ವೀರರು ತಂತಮ್ಮ ವಾಲ್ವಿನ ಡಬ್ಬಿಗಳನ್ನು ಎದೆಗವಚಿಕೊಂಡು ರಣಭೂಮಿಗೆ ಇಳಿದರು.

ಕೆಂಭಾವಿಯವರು ಗರ್ಜಿಸಿದರು: "ಸಾವ್ಕಾರ್ರ, ನಿಮ್ಮ ರಷ್ಯಾದ ವಾಲ್ವ್ ರಣಗಾಡಿಯೊಳಗ ಕೂಡಸಲಿಕ್ಕೆ ಮಾಡಿದ್ದು. ಅದಕ್ಕ ಗುಂಡಿನ ಸಪ್ಪಳ ಗೊತ್ತದ, ಗಾಂಧಾರ ಗೊತ್ತಿಲ್ಲ. ನನ್ನ ಇಂಗ್ಲೆಂಡಿನ ವಾಲ್ವಿನ್ಯಾಗ ಬಾಯಿಯವರು ಶ್ವಾಸ ತಗೊಳ್ಳೂದು ಸೈತ ಕೇಳಸ್ತದ!"

"ಶ್ವಾಸ ಕೇಳಾಕ ದವಾಖಾನಿಗೆ ಹೋಗ್ರಿ, ರಾವಸಾಹೇಬ್ರ!" ಎಂದು ಅಣ್ಣಿಗೇರಿಯವರು ಪ್ರತಿಗರ್ಜಿಸಿದರು. "ನಿಮ್ಮ ವಾಲ್ವು ಚಹಾದಾಗ ಅದ್ದಿದ ಬಿಸ್ಕೀಟ್ ಇದ್ದಂಗ, ಮೆತ್ತಗ. ನಂದು ಹಾಕ್ರಿ, ತಂಬೂರಿ ತಂತಿ ಎದಿಗೆ ಬಡೀತೈತಿ!"

ನ್ಯಾಯನಿರ್ಣಯಕ್ಕೆ ಕರೆಸಿದ್ದು ರೇಡಿಯೋ ರಿಪೇರಿಯ ಮಾಬೂಸಾಬರನ್ನು. ಆಂಪ್ಲಿಫೈಯರಿನ ಮುಂದೆ ಒಂದು ಹೊದಿಕೆ ಇಳಿಬಿಟ್ಟು, ಅದರ ಹಿಂದೆ ಅವರು ವಾಲ್ವು ಬದಲಿಸುತ್ತಾ ಹೋಗಬೇಕು. ವೀರರು ಕಿವಿಯಿಂದಲೇ ಗುರುತು ಹಿಡಿಯಬೇಕು. ಬಾಯಿಯವರು ಕೇಳಲಿರುವ ಟೇಪಿನಲ್ಲೇ ಪರೀಕ್ಷೆಯಾಗಬೇಕು, ಅದೂ ಆ ತಾನದ ಜಾಗದಲ್ಲೇ.

ಮಾಬೂಸಾಬರು ತಲೆ ಕೆರೆದುಕೊಂಡು ಹೇಳಿದರು: "ಟೇಪು ಮುಪ್ಪಾಗೇತ್ರಿ. ಮೊದಲ ಕಂಪ್ಯೂಟರಿಗೆ ಒಂದು ಕಾಪಿ ಇಳಿಸ್ಕೊಳ್ಳೂಣು. ಆಮ್ಯಾಲೆ ಏನರ ಮಾಡ್ರಿ."

"ಕಂಪ್ಯೂಟರಿಗೆ? ನಾದ ಸತ್ತು ಹೋಗ್ತದ!" ಎಂದರು ಕೆಂಭಾವಿಯವರು.

"ಖರೇ ಐತ್ರಿ, ಸತ್ತs ಹೋಗತೈತಿ!" ಎಂದರು ಅಣ್ಣಿಗೇರಿಯವರು.

ಹನ್ನೊಂದು ವರ್ಷಗಳಲ್ಲಿ ಅವರು ಒಪ್ಪಿದ ಮಾತು ಇದೊಂದೇ.

ಆಗ ಆರಂಭವಾಯಿತು ಆ ಶ್ರವಣಘೋರಸಂಗ್ರಾಮ. ಮೊದಲ ಸುತ್ತಿನಲ್ಲಿ ಕೆಂಭಾವಿಯವರಿಗೆ ಜೇನು ಕೇಳಿಸಿತು, ಅಣ್ಣಿಗೇರಿಯವರಿಗೆ ನೆಗಡಿ ಕೇಳಿಸಿತು. ಎರಡನೆಯದರಲ್ಲಿ ಅಣ್ಣಿಗೇರಿಯವರಿಗೆ ಮೇಘ, ಕೆಂಭಾವಿಯವರಿಗೆ ಗಿರಣಿ. ತಾನ ಏರಿತು, ಗುರುಗಳ ದನಿ ಶಾಭಾಸ್ ಎಂದಿತು, ಟೇಪು ಹಿಂದಕ್ಕೆ ಸುತ್ತಿತು. "ಬದಲಾತೇನ್ರೀ?" ಎಂದು ವೀರರು ಕೂಗುವರು, ಹೊದಿಕೆಯ ಹಿಂದಿನಿಂದ ಒಂದು ಕೆಮ್ಮು ಬರುವುದು, ಮತ್ತೆ ತಾನ, ಮತ್ತೆ ಶಾಭಾಸ್. ಎಂಟನೆಯ ಸುತ್ತಿನಲ್ಲಿ ಇಬ್ಬರಿಗೂ ಏಕಕಾಲಕ್ಕೆ ರೋಮಾಂಚನವಾಯಿತು.

"ಇದs ನಂದು!" ಎಂದರು ಕೆಂಭಾವಿಯವರು.

"ನಂದೈತಿ ಅದು! ಇನ್ನೊಮ್ಮಿ ಹಚ್ಚೂಣು, ಕೇಳ್ರಿ!"

ಇಬ್ಬರೂ ಸ್ಪೂಲ್ ಯಂತ್ರದ ಮೇಲೆ ಎರಗಿದರು. ಕೆಂಭಾವಿಯವರ ಬೆರಳು ಹಿಂದಕ್ಕೆ ಸುತ್ತುವ ಗುಂಡಿಯನ್ನು ಒತ್ತಿತು. ಅದೇ ಕ್ಷಣಕ್ಕೆ ಅಣ್ಣಿಗೇರಿಯವರ ಬೆರಳು ನುಡಿಸುವ ಗುಂಡಿಯನ್ನು ಒತ್ತಿತು. ಎರಡು ದಿಕ್ಕಿಗೆ ಎಳೆದಾಡಿದ ನಲವತ್ತೊಂಬತ್ತು ವರ್ಷದ ಟೇಪು ಟಕ್ಕೆಂದು ಹರಿಯಿತು.

ಮಾಬೂಸಾಬರು ಹೊದಿಕೆ ಸರಿಸಿ ಹೊರಬಂದರು. ಅವರ ಹಿಂದೆ ಎರಡೂ ಡಬ್ಬಿಗಳು ಕುಳಿತಿದ್ದವು, ಅಂಟುಪಟ್ಟಿ ಸಹ ಬಿಚ್ಚಿರಲಿಲ್ಲ. ಆಂಪ್ಲಿಫೈಯರಿನಲ್ಲಿ ಬಳಗದ ಹಳೆಯ ವಾಲ್ವುಗಳೇ ಉರಿಯುತ್ತಿದ್ದವು.

"ಹಿಂಗ್ಯಾಕ್ ಮಾಡಿದ್ರಿ ಮಾಬೂಸಾಬ್ರ?" ಎಂದರು ಕೆಂಭಾವಿಯವರು. ದನಿ ತುಂಬ ಸಣ್ಣದಾಗಿತ್ತು.

"ಉರಿಯೋ ವಾಲ್ವ್ ಕಿತ್ತರ ಕೈ ಸುಡತೈತ್ರಿ. ಆರಾಕ ಇಪ್ಪತ್ತ್ ನಿಮಿಷ ಬೇಕು. ನೀವೆಲ್ಲಿ ಬಿಟ್ರಿ? 'ಬದಲಾತೇನು' ಅಂದ್ರಿ, ಕೆಮ್ಮಿದೆ. ನೀವs 'ಆಹಾ' ಅಂದ್ರಿ. ನನಗ ಅನ್ನಿಸ್ತು, ಇವ್ರು ಖುಷಿ ಅದಾರ, ಯಾಕ ಹೇಳಬೇಕು ಅಂತ."

ಮಾಬೂಸಾಬರು ಬ್ಲೇಡು ತೆಗೆದು, ಹಿಗ್ಗಿ ಮುದುಡಿದ ತುಂಡನ್ನು ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಅಂಟಿಸಿದರು. ವೀರರಿಬ್ಬರೂ ತಲಾ ಒಂದೊಂದು ಸ್ಪೂಲು ಹಿಡಿದುಕೊಂಡು ನಿಂತಿದ್ದರು.

ಐದಕ್ಕೆ ಕಮಲಾಕ್ಷಿಬಾಯಿ ಬಂದರು. ಅವರ ಕುರ್ಚಿಯನ್ನು ಸ್ಪೀಕರಿನ ಬಳಿಗೆ ಎಳೆದು, ಒಳ್ಳೆಯ ಕಿವಿಯನ್ನು ಅತ್ತ ಮಾಡಿ ಕೂರಿಸಿದರು. ಮಾರವಾ ತೆರೆದುಕೊಂಡಿತು. ಬಾಯಿಯವರ ಬೆರಳುಗಳು ಮಂಡಿಯ ಮೇಲೆ ತಾಳ ಹಾಕಿದವು. ತಾನ ಏರಿತು, ತಿರುಗಿತು, ಇಳಿಯಿತು. ಗುರುಗಳ ಒರಟು ಕಂಠ "ಶಾ..." ಎಂದಿತು. ಅಷ್ಟರಲ್ಲೇ ಮುಂದಿನ ತಾನ ಬಂದುಬಿಟ್ಟಿತು.

ಬಾಯಿಯವರ ಬೆರಳು ನಿಂತಿತು. ಮಾಬೂಸಾಬರು ಟೇಪು ನಿಲ್ಲಿಸಿದರು. ಅವರು ಇಬ್ಬರ ಮುಖವನ್ನೂ ನೋಡಿದರು. ಕೆಂಭಾವಿಯವರು ನಡೆದದ್ದನ್ನೆಲ್ಲ ಹೇಳಿದರು, ಒಂದನ್ನೂ ಬಿಡದೆ. ಅಣ್ಣಿಗೇರಿಯವರು, "ತಪ್ಪು ನಂದೂ ಐತ್ರಿ, ಬಾಯಾರ," ಎಂದು ಸೇರಿಸಿದರು.

"ಇಷ್ಟು ವಯಸ್ಸಾತು, ಹುಡುಗರಂಗ ಜಗ್ಗ್ಯಾಡ್ತೀರಿ," ಎಂದರು ಬಾಯಿಯವರು. ಒಳ್ಳೆಯ ಕಿವಿಯನ್ನು ಮತ್ತೆ ಸ್ಪೀಕರಿನತ್ತ ತಿರುಗಿಸಿದರು. "ದನಿ ನಮ್ಮ ಗುರುಗಳದs. ಉಳಿದದ್ದು ನನಗ ಗೊತ್ತೈತಿ. ಹಿಂದಕ ತಿರುವಬ್ಯಾಡ್ರಿ ಮತ್ತ. ಮುಂದಿಂದು ಕೇಳೂಣು."

ಮರುದಿನ ಮಾಬೂಸಾಬರು ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು, ಯಾರೂ ಬೇಡವೆನ್ನಲಿಲ್ಲ. ಯಾವ ವಾಲ್ವು ಉತ್ತಮವೆಂಬುದು ಇಂದಿಗೂ ತಿಳಿದಿಲ್ಲ. ಹೋದದ್ದು ನಾಲ್ಕು ಅಂಗುಲ ಟೇಪು, ಅದರೊಳಗಿದ್ದ ಅರ್ಧ ಶಾಭಾಸ್.