ಬಸ್ಸು ಒಗ್ಗದ ಗಂಡು

ಚಲುವರಾಜು ಮೂವತ್ತನಾಲ್ಕು ವರ್ಷವಾದರೂ ಮದುವೆಯಿಲ್ಲದೆ ಉಳಿದದ್ದಕ್ಕೆ ಕಾರಣ ಒಂದು ಹಲಸಿನ ಹಣ್ಣು. ಅವನು ಮಾತ್ರ ಇಷ್ಟು ವರ್ಷವೂ ತಪ್ಪನ್ನು ಬಸ್ಸಿನ ಮೇಲೆ ಹೊರಿಸಿಕೊಂಡು ಬಂದಿದ್ದ.

ಚಿಕ್ಕ ಹುಡುಗನಾಗಿದ್ದಾಗ ಅವನನ್ನು ಓದಿಸಲೆಂದು ಸೋದರಮಾವ ಮಳವಳ್ಳಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಕರೆತಂದರು. ಹೊರಡುವ ದಿನ ಬೆಳಿಗ್ಗೆ ಹಿತ್ತಲಲ್ಲಿ ಹಲಸಿನ ಹಣ್ಣು ಕೊಯ್ದಿದ್ದರು. ಮತ್ತೆ ಯಾವಾಗ ಸಿಗುವುದೋ ಎಂದು ಹುಡುಗ ಅರ್ಧ ಹಣ್ಣನ್ನು ಒಬ್ಬನೇ ಮುಗಿಸಿ ಬಸ್ಸು ಹತ್ತಿದ. ಆಮೇಲೆ ಏನಾಯಿತೆಂಬುದನ್ನು ಪಕ್ಕದಲ್ಲಿ ಕೂತಿದ್ದ ಮದುಮಗನ ಹೊಸ ಪಂಚೆಯೇ ಹೇಳಬೇಕು.

ಅವತ್ತಿನಿಂದ ಚಲುವರಾಜು ಬಸ್ಸು ಹತ್ತಲಿಲ್ಲ, ಅದೂ ಕುಲುಕುತ್ತದೆಂದು ರೈಲೂ ಹತ್ತಲಿಲ್ಲ. ಚಾಮರಾಜಪೇಟೆಯ ವಠಾರದಿಂದ ಆಫೀಸಿಗೆ ನಡೆದೇ ಹೋಗುತ್ತಿದ್ದ. ಹಾಸನಕ್ಕೆ ಬಡ್ತಿಯ ಮೇಲೆ ವರ್ಗವಾದಾಗ, "ದೊಡ್ಡ ಕುರ್ಚಿಯ ಆಸೆ ನನಗಿಲ್ಲ" ಎಂದು ಬರೆದುಕೊಟ್ಟ. ಊರಿನ ನೆನಪಾದಾಗ, "ಅವ್ವನಿಗೂ ಬೆಂಗಳೂರು ನೋಡಿದ ಹಾಗಾಗುತ್ತೆ" ಎಂದು ಆ ವಯಸ್ಸಾದ ಹೆಂಗಸನ್ನೇ ಕರೆಸಿಕೊಳ್ಳುತ್ತಿದ್ದ. "ನಡಿಗೆಯಷ್ಟು ಆರೋಗ್ಯ ಬೇರೆ ಯಾವುದರಲ್ಲಿದೆ ಹೇಳಿ?" ಎಂದು ಕಂಡವರಿಗೆಲ್ಲ ಹೇಳಿ ಹೇಳಿ ಕೊನೆಗೆ ಅವನೇ ಅದನ್ನು ನಂಬಿಬಿಟ್ಟಿದ್ದ. ಹೆಣ್ಣು ನೋಡಲು ಮಲ್ಲೇಶ್ವರಕ್ಕೂ ನಡೆದೇ ಹೋಗಿದ್ದ. ಉತ್ತು ಬಂದ ಎತ್ತಿನ ಹಾಗೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನಿಗೆ ಹುಡುಗಿಯ ತಾಯಿ ಕನಿಕರದಿಂದ ಎರಡು ಲೋಟ ಮಜ್ಜಿಗೆ ಕೊಟ್ಟರು. ಹುಡುಗಿಯನ್ನು ಕೊಡಲಿಲ್ಲ.

"ನಿನ್ನ ಕಾಲಿಗೆ ಸಿಗೋ ಹೆಣ್ಣುಗಳೆಲ್ಲ ಮುಗಿದ್ವು ಕಣಯ್ಯಾ," ಎಂದ ಅವನ ಆಫೀಸಿನ ಲಕ್ಷ್ಮಯ್ಯ. ಸಂಬಂಧ ಕುದುರಿಸುವುದು ಲಕ್ಷ್ಮಯ್ಯನ ಖಯಾಲಿ. "ಇನ್ನು ಬಸ್ಸಿಗೆ ಸಿಗೋವೇ ಉಳಿದಿರೋದು. ಮಂಡ್ಯದಲ್ಲಿ ಶಿವಲಿಂಗಯ್ಯನೋರ ಮಗಳು ಮಹಾನಂದ ಅಂತ. ಟೀಚರ್ ಟ್ರೇನಿಂಗ್ ಆಗಿದೆ. ಭಾನುವಾರ ಹೋಗಿ ನೋಡ್ಕೊಂಡು ಬರ್ತೀಯೋ, ಇಲ್ಲ ನಡ್ಕೊಂಡೇ ಸಾಯ್ತೀಯೋ?"

"ಫೋಟೊ ಇದ್ರೆ..."

"ಎದುರಿಗೇ ನೋಡೋದಿರೋವಾಗ ಫೋಟೊ ಯಾಕಯ್ಯಾ?"

'ನಡ್ಕೊಂಡೇ ಸಾಯ್ತೀಯೋ' ಎಂದ ಮಾತು ಚಲುವರಾಜುವಿಗೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನಂತೆ ಒಳಗೇ ನೋಯತೊಡಗಿತು. ಎರಡು ದಿನ ನಡೆಯುವಾಗಲೂ ಯೋಚಿಸಿದ, ಉಣ್ಣುವಾಗಲೂ ಯೋಚಿಸಿದ. ಈ ಹೆಣ್ಣೂ ತಪ್ಪಿದರೆ ತನಗೆ ಇನ್ನು ಮದುವೆಯಿಲ್ಲ. ಶುಕ್ರವಾರ ಸಂಜೆ ಲಕ್ಷ್ಮಯ್ಯನ ಮೇಜಿನ ಮುಂದೆ ನಿಂತು, "ಹೋಗ್ತೀನಿ. ಬಸ್ಸಲ್ಲೇ ಹೋಗ್ತೀನಿ. ಕರುಳು ಕಿತ್ತು ಬಂದ್ರೂ ಸರಿ," ಎಂದ. ಲಕ್ಷ್ಮಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಗ್ಲಿ ಬಿಡು" ಎಂದ. ಆ ದನಿಯಲ್ಲಿ ನಂಬಿಕೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಚಲುವರಾಜು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಗೆ ಬಂದಾಗ ವಠಾರದ ಯಜಮಾನಿ ಶೈಲಜಮ್ಮ ದೊಡ್ಡ ಬಾಣಲೆಯಲ್ಲಿ ರವೆ ಹುರಿಯುತ್ತಿದ್ದರು. ಅಂಗಳದಲ್ಲಿ ಎಂದೂ ಇಲ್ಲದ ದೊಡ್ಡ ರಂಗೋಲಿ.

"ಏನ್ ಶೈಲಜಮ್ಮನೋರೇ, ಇಷ್ಟೊಂದು ರವೆ?"

"ಹುಳ ಬೀಳುತ್ತೆ ಅಂತ ಹುರಿದಿಡ್ತಿದೀನಿ ಕಣಪ್ಪಾ. ನೀನು ಹೊರಡು. ಆ ಶರ್ಟು ಮಾತ್ರ ಕೊಳೆ ಮಾಡ್ಕೋಬೇಡ. ಬಂದ್ಮೇಲೂ ಬೇಕಾಗುತ್ತೆ."

"ಬಂದ್ಮೇಲೆ ಯಾಕೆ?"

"ಯಾಕೆ ಅಂದ್ರೆ? ನಾಳೆ ಆಫೀಸಿಗೆ ಬೇಡ್ವಾ?"

ಎದುರು ಮನೆಯ ಆಂಜಿನಯ್ಯ, ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತಿಯಾದವರು, ಎಲ್ಲಿಂದಲೋ ನಾಲ್ಕು ಮಡಿಸುವ ಕುರ್ಚಿ ಹೊತ್ತುಕೊಂಡು ಬರುತ್ತಿದ್ದರು.

"ಕುರ್ಚಿ ಯಾಕೆ ಆಂಜಿನಯ್ಯನೋರೇ?"

"ತಿಗಣೆ ಕಣಯ್ಯಾ, ತಿಗಣೆ. ಬಿಸಿಲಿಗೆ ಹಾಕ್ಬೇಕು." ಕುರ್ಚಿಗಳನ್ನು ಅವರು ನೆರಳಿನಲ್ಲೇ ಸಾಲಾಗಿ ಇಟ್ಟರು. "ನೀನು ಬಾ ಇಲ್ಲಿ. ವಾಂತಿ ಬರದ ಹಾಗೆ ಹೊಟ್ಟೆಗೆ ಪೇಪರ್ ಕಟ್ಕೊಂಡಿದೀಯಾ? ಇಲ್ವಾ? ಹಾಗೇ ಹೊರಟ್ಬಿಟ್ಯಾ?"

ನೋಡನೋಡುತ್ತಿದ್ದಂತೆ ಬನಿಯನ್ನಿನ ಒಳಗೆ ನಿನ್ನೆಯ ಪೇಪರು ಸೇರಿತು. ಕಿವಿಗೆ ಹತ್ತಿ ಬಂತು. ಪಕ್ಕದ ಮನೆಯವರು ಶುಂಠಿ ಕೊಟ್ಟರು, ಹಿಂದಿನ ಮನೆಯವರು ಜೇಬಿಗೆ ಈರುಳ್ಳಿ ಹಾಕಿದರು. ಶೈಲಜಮ್ಮ ದೇವರ ಮುಂದಿನ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ, ಅರಿಶಿನದ ದಾರ ಸುತ್ತಿ, ಕೈಗಿತ್ತರು. ಎಲ್ಲರ ಮುಖದಲ್ಲೂ ಹರಕೆಯ ಕುರಿಯನ್ನು ಕಳಿಸಿಕೊಡುವವರ ಮಮತೆ.

"ನಿಧಾನವಾಗಿ ಹೋಗ್ಬಿಟ್ಟು ಬೇಗ ಬಂದ್ಬಿಡಪ್ಪಾ," ಎಂದರು ಶೈಲಜಮ್ಮ.

ಚಲುವರಾಜು ಮೆಜೆಸ್ಟಿಕ್ಕಿಗೆ ನಡೆದುಕೊಂಡೇ ಹೋದ. ಮಂಡ್ಯದ ಬಸ್ಸಿನ ಬಾಗಿಲಲ್ಲಿ ಕಾಲು ಒಮ್ಮೆ ಹಿಂದೆಗೆಯಿತು. ಹಿಂದಿದ್ದ ಹೆಂಗಸೊಬ್ಬಳು, "ಹತ್ತೀರೋ, ಪೂಜೆ ಮಾಡ್ತೀರೋ?" ಎಂದಳು. ಹತ್ತಿದ. ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿ ಎದುರಿನ ಕಂಬಿಯನ್ನು ಮೊದಲ ಸಲ ನೇಗಿಲು ಹಿಡಿದವನಂತೆ ಹಿಡಿದುಕೊಂಡ. ಒಂದೊಂದು ಉಸಿರಿಗೂ ಹೊಟ್ಟೆಯ ಮೇಲಿನ ಪೇಪರು ಸರಸರ ಎಂದಿತು. ಕಂಡಕ್ಟರು ಕೇಳಿದ್ದು ಹತ್ತಿಯ ದೆಸೆಯಿಂದ ಕೇಳಿಸದೆ, ಅಂದಾಜಿನ ಮೇಲೆ "ಮಂಡ್ಯಾ!" ಎಂದು ಕಿರುಚಿದ. ಇಡೀ ಬಸ್ಸು ತಿರುಗಿ ನೋಡಿತು.

ಕೆಂಗೇರಿಯ ಹೊತ್ತಿಗೆ ವಾಂತಿ ಬರುತ್ತದೆ ಎಂದು ಕಾದ. ಬರಲಿಲ್ಲ. ಬಿಡದಿಯ ಹೊತ್ತಿಗೆ ಬರಲೇಬೇಕು ಎಂದು ಕಾದ. ಬರಲಿಲ್ಲ. ಬಂದದ್ದು ಹಸಿವು. ಬಿಡದಿಯಲ್ಲಿ ಒಬ್ಬ ಮುದುಕ ಹತ್ತಿ ಪಕ್ಕದಲ್ಲೇ ಕೂತ. ಅವನ ತೊಡೆಯ ಮೇಲೆ ಗೋಣಿಚೀಲ, ಚೀಲದೊಳಗೆ ಅರ್ಧ ಸೀಳಿದ ಹಲಸಿನ ಹಣ್ಣು. ಆ ವಾಸನೆ ಮೂಗಿಗೆ ಬಿದ್ದದ್ದೇ ಚಲುವರಾಜುವಿಗೆ ಮೈಯೆಲ್ಲ ಬೆವರಿತು. ಮದುಮಗನ ಪಂಚೆ ಕಣ್ಣೆದುರು ಹಾರಾಡಿತು.

"ಯಾಕಪ್ಪಾ, ಅಂಗ್ ನೋಡ್ತೀಯ? ಒಂದ್ ತೊಳೆ ತಿಂತೀಯಾ?" ಎಂದ ಮುದುಕ.

ಆ ಕ್ಷಣದಲ್ಲಿ ಹಿತ್ತಲು, ಮರ, ತಾನೊಬ್ಬನೇ ಮುಗಿಸಿದ ಅರ್ಧ ಹಣ್ಣು ಎಲ್ಲವೂ ಮೊದಲ ಸಲ ಒಂದರ ಪಕ್ಕ ಒಂದು ಬಂದು ನಿಂತವು. ಅವತ್ತು ಬಸ್ಸಿನದೇನು ತಪ್ಪಿತ್ತು? ಅಷ್ಟು ತಿಂದಿದ್ದರೆ ಜಗುಲಿಯ ಮೇಲೆ ಕೂತಿದ್ದರೂ ಅದೇ ಆಗುತ್ತಿತ್ತು. ಒಂದು ವಾಂತಿಗೆ ಹೆದರಿ ಹಾಸನವನ್ನು ಬಿಟ್ಟೆ, ಅವ್ವನ ಮನೆಯನ್ನು ಬಿಟ್ಟೆ, ಅದಕ್ಕೆ ಆರೋಗ್ಯದ ಹೆಸರಿಟ್ಟೆ.

"ಕೊಡಿ ತಾತ, ಒಂದು," ಎಂದ. ತಿಂದ. ಕಾದ. ಏನೂ ಆಗಲಿಲ್ಲ. "ಇನ್ನೊಂದು ಕೊಡಿ," ಎಂದ. ಕಿವಿಯ ಹತ್ತಿ ಕಿತ್ತು ಕಿಟಕಿಯಾಚೆ ಎಸೆದ. ಪೇಪರು ಹೊರಗೆಳೆದು ಬಿಚ್ಚಿ ಓದತೊಡಗಿದ.

ಚನ್ನಪಟ್ಟಣದಲ್ಲಿ ಬಸ್ಸು ಕಾಫಿಗೆ ನಿಂತಿತು. ಎದುರಿನಿಂದ ಬಂದ ಬಸ್ಸೊಂದು ಪಕ್ಕಕ್ಕೇ ನಿಂತಿತ್ತು. ಅದರ ಕಿಟಕಿಯಲ್ಲಿ ಒಬ್ಬ ಹುಡುಗಿ ಸೆರಗನ್ನು ಬಾಯಿಗೊತ್ತಿಕೊಂಡು, ಬಾಡಿದ ಸೊಪ್ಪಿನ ಹಾಗೆ ಕತ್ತು ಹೊರಗೆ ಹಾಕಿದ್ದಳು. ಚಲುವರಾಜುವಿಗೆ ತನ್ನ ಹಳೆಯ ಗುರುತಿನವರನ್ನು ಕಂಡ ಹಾಗಾಯಿತು.

"ಬಸ್ಸು ಆಗಲ್ವಾ?" ಎಂದ.

ಅವಳು ತಲೆಯಾಡಿಸಿದಳು. "ಅಪ್ಪಾಜಿ ಸೋಡಾ ತರೋಕೆ ಹೋಗಿದಾರೆ. ನನ್ನ ಹಣೇಬರಹಾನೇ ಹೀಗೆ. ಬಸ್ಸು ಕಂಡ್ರೆ ಸಾಕು."

ಚಲುವರಾಜು ಜೇಬಿನಿಂದ ಶುಂಠಿ ತೆಗೆದು ಕೊಟ್ಟ. ಈರುಳ್ಳಿ ತೆಗೆದು ಕೊಟ್ಟ. ಕೊನೆಗೆ ನಿಂಬೆಹಣ್ಣನ್ನೂ ಕೊಟ್ಟ.

"ಇದು ಸುಮ್ನೆ ಕೈಲಿ ಹಿಡ್ಕೊಳ್ಳಿ. ಆದ್ರೆ ಒಂದು ಮಾತು. ಇದ್ರಲ್ಲೇನಿಲ್ಲ. ಎಲ್ಲ ಮನಸ್ಸಲ್ಲಿರೋದು. ಮೊದಲನೇ ಸಲ ಯಾಕಾಯ್ತು, ಅದನ್ನ ಜ್ಞಾಪಿಸ್ಕೊಳ್ಳಿ. ಅವತ್ತು ಏನು ತಿಂದಿದ್ರಿ?"

ಹುಡುಗಿ ಯೋಚಿಸಿದಳು. "ಜಾತ್ರೇಲಿ... ಬತ್ತಾಸು. ಒಂದು ಪೊಟ್ಟಣ ಪೂರ್ತಿ."

"ನೋಡಿದ್ರಾ? ಬತ್ತಾಸಿನ ತಪ್ಪು!"

ಅವಳಿಗೆ ನಗು ಬಂತು. ಮುಖಕ್ಕೆ ಬಣ್ಣ ಬಂದ ಹಾಗಾಯಿತು. "ನಿಮಗೆ ಬಸ್ಸಂದ್ರೆ ಏನೂ ಆಗೋದೇ ಇಲ್ವಾ?"

ನಿಜ ಹೇಳಬಹುದಿತ್ತು. ಆದರೆ ಒಂದು ಸಲ ಈಜಿದವನಿಗೆ ಕೆರೆಯೇ ತನ್ನದೆನಿಸುತ್ತದೆ. "ನನಗಾ? ವಾರಕ್ಕೊಂದು ಸಲ ಓಡಾಡೋನು ನಾನು. ಬಸ್ಸು ನಂಗೆ ತೊಟ್ಟಿಲಿದ್ದ ಹಾಗೆ," ಎಂದುಬಿಟ್ಟ. ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ.

ಮಂಡ್ಯದಲ್ಲಿ ಶಿವಲಿಂಗಯ್ಯನವರ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಮೊರದಲ್ಲಿ ಅವರೆಕಾಳು ಕೇರುತ್ತ ಕೂತಿದ್ದಳು.

"ಅವ್ರಾ? ಗಂಡು ನೋಡಕ್ಕೆ ಬೆಂಗ್ಳೂರಿಗೆ ವೋದ್ರಲ್ಲ. ಮೊನ್ನೆ ಸಂಜೆ ಆ ಕಡೆಯಿಂದ ಲಕ್ಷ್ಮಯ್ಯ ಅನ್ನೋರು ಅಂಗಡಿಗೆ ಟ್ರಂಕ್ ಕಾಲ್ ಮಾಡಿದ್ರು. ಗಂಡಿಗೆ ಬಸ್ಸು ಒಗ್ಗಕಿಲ್ವಂತೆ, ವಾಂತಿಯಂತೆ. ನೀವೇ ಬಂದ್ಬುಡಿ ಅಂದ್ರಂತೆ. ಪಾಪ, ನಮ್ ಮಹಾನಂದಂಗೂ ಅಂಗೇಯ. ಜೋಡಿ ಸರಿಯಾಗೈತೆ ಅಂತ ನಕ್ಕೊಂಡೇ ವೋದ್ರು."

ಹುರಿದ ರವೆ, ರಂಗೋಲಿ, ತಿಗಣೆಯ ಕುರ್ಚಿಗಳು, ಎಲ್ಲ ಒಟ್ಟಿಗೆ ಚಲುವರಾಜುವಿನ ತಲೆಯ ಮೇಲೆ ಬಿದ್ದವು. ಆಮೇಲೆ ಚನ್ನಪಟ್ಟಣದ ಕಿಟಕಿ ನೆನಪಾಯಿತು. ಅವನ ಸಿಟ್ಟೆಲ್ಲ ಇಳಿದುಹೋಯಿತು. ಅವಳೇ! ಅವಳು ತನ್ನನ್ನು ನೋಡಿಯಾಗಿದೆ, ನಕ್ಕಾಗಿದೆ. ಹೋಗಿ ಬಾಗಿಲಲ್ಲಿ ನಿಂತರೆ ಸಾಕು. ಬಂದ ದಾರಿಯಲ್ಲೇ ಓಡಿ, ಹೊರಟಿದ್ದ ಬಸ್ಸಿಗೆ ನೇತುಬಿದ್ದು ಹತ್ತಿದ. ಸೀಟಿರಲಿಲ್ಲ. ನಿಂತುಕೊಂಡೇ, ಬಸ್ಸಿನ ಕುಲುಕಿಗೆಲ್ಲ ಕುಲುಕುತ್ತ, ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದ.

ಮೆಜೆಸ್ಟಿಕ್ಕಿನಿಂದ ಓಡುನಡಿಗೆಯಲ್ಲಿ ವಠಾರಕ್ಕೆ ಬಂದಾಗ ರಂಗೋಲಿ ತುಳಿದು ಅಳಿಸಿಹೋಗಿತ್ತು. ಆಂಜಿನಯ್ಯ ಕುರ್ಚಿ ಮಡಿಸುತ್ತಿದ್ದರು. ಲಕ್ಷ್ಮಯ್ಯ ಜಗುಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ಯೋ!" ಎಂದು ಲಕ್ಷ್ಮಯ್ಯ ಎದ್ದ. "ಬಸ್ಸಿನ ಮುಖ ನೋಡಿ ಅರ್ಧ ಗಂಟೇಲಿ ವಾಪಸ್ ಬರ್ತೀಯ, ಆಮೇಲೆ ಅವರು ಬರ್ತಾರೆ, ನಿನ್ನ ಮರ್ಯಾದೇನೂ ಉಳಿಯುತ್ತೆ ಅಂತ ನಾವು ಪ್ಲಾನ್ ಮಾಡಿದ್ರೆ!"

"ಮೆಜೆಸ್ಟಿಕ್ಕಿನ ಕಕ್ಕಸೆಲ್ಲ ಹುಡುಕಿದೆ ಕಣಯ್ಯಾ," ಎಂದರು ಆಂಜಿನಯ್ಯ. "ಒಂದೊಂದು ಬಾಗಿಲೂ ಬಡಿದು 'ಚಲುವರಾಜೂ' ಅಂತ ಕೂಗಿದೀನಿ. ಯಾವನೋ ಚೊಂಬಲ್ಲಿ ನೀರೆರಚಿದ."

"ನಾನು ಮಂಡ್ಯಕ್ಕೆ ಹೋಗಿದ್ದೆ. ಬಸ್ಸಲ್ಲಿ. ಅವರೆಲ್ಲಿ?"

ಅಡುಗೆಮನೆಯಿಂದ ಶೈಲಜಮ್ಮ ಹತ್ತಿರ ಬಂದು ಮೂಸಿದರು. "ಹಲಸಿನ ಹಣ್ಣಿನ ವಾಸನೆ! ಬಸ್ಸಲ್ಲಿ ಹೋದೋನು ಹಲಸಿನ ಹಣ್ಣು ತಿಂತಾನಾ? ಸುಳ್ಳು ಹೇಳ್ಬೇಡ ಕಣಪ್ಪಾ, ಪಾರ್ಕಲ್ಲಿ ಕೂತಿದ್ದೆ ಅನ್ನು."

ಅವನು ಟಿಕೆಟ್ಟು ತೆಗೆದು ತೋರಿಸಿದ. "ಮೆಜೆಸ್ಟಿಕ್ಕಲ್ಲಿ ಕಾಲಿಟ್ಟ ಕಡೆಯೆಲ್ಲ ಟಿಕೆಟ್ಟು ಬಿದ್ದಿರುತ್ತೆ," ಎಂದರು ಆಂಜಿನಯ್ಯ.

"ಅದು ಬಿಡಿ. ಹುಡುಗಿ ಏನಂದ್ಳು?"

ಶೈಲಜಮ್ಮ ನಿಟ್ಟುಸಿರಿಟ್ಟರು. "ಚಿನ್ನದಂಥ ಹುಡುಗಿ ಕಣಪ್ಪಾ. ಬರೋವಾಗ ಮನಸ್ಸಿತ್ತಂತೆ. 'ನಂಗೂ ಬಸ್ಸಾಗಲ್ಲ, ಅವರಿಗೂ ಆಗಲ್ಲ, ಇಬ್ಬರೂ ಒಂದು ಕಡೆ ಬಿದ್ದಿರಬಹುದು ಅಂತ ಒಪ್ಕೊಂಡಿದ್ದೆ' ಅಂದ್ಳು. ದಾರೀಲಿ ಯಾರೋ ಪುಣ್ಯಾತ್ಮ ಸಿಕ್ಕಿ ಧೈರ್ಯ ಹೇಳಿದ್ನಂತೆ. ಅಲ್ಲಿಂದ ಇಲ್ಲೀವರೆಗೆ ಏನೂ ಆಗಲಿಲ್ವಂತೆ. ಕಿಟಕೀಲಿ ಹಾಡು ಹೇಳ್ಕೊಂಡು ಬಂದ್ಳಂತೆ! ರಾಯಚೂರಲ್ಲಿ ಮೇಷ್ಟ್ರ ಕೆಲಸ ಬಂದಿತ್ತಂತೆ, ಬಸ್ಸಿಗೆ ಹೆದರಿ ಸುಮ್ನಿದ್ಳಂತೆ. ಈಗ ಹೋಗಿ ಸೇರ್ಕೋತೀನಿ ಅಂದ್ಳು. 'ಬಸ್ಸಿಗೆ ಹೆದರಿ ಬಚ್ಚಿಟ್ಕೊಳ್ಳೋ ಗಂಡು ನನಗೆ ಬೇಡ' ಅಂತ ಅವರಪ್ಪನ ಎದುರಿಗೇ ಹೇಳ್ಬಿಟ್ಳು."

"ಆ ಪುಣ್ಯಾತ್ಮ ನಾನೇ!" ಎಂದು ಚಲುವರಾಜು ಕೂಗಿದ.

ವಠಾರವೆಲ್ಲ ನಕ್ಕಿತು. "ಅವರು ವಾರಕ್ಕೊಂದು ಸಲ ಓಡಾಡೋ ಜನ ಕಣಯ್ಯಾ," ಎಂದರು ಆಂಜಿನಯ್ಯ ಕಣ್ಣೊರೆಸಿಕೊಳ್ಳುತ್ತ. "ಬಸ್ಸು ಅವರಿಗೆ ತೊಟ್ಟಿಲಿದ್ದ ಹಾಗಂತೆ. ನೀನಾ?"

ಶೈಲಜಮ್ಮ ಸೆರಗಿನ ಗಂಟು ಬಿಚ್ಚಿ ಅವನ ಅಂಗೈಯಲ್ಲಿ ಏನನ್ನೋ ಇಟ್ಟರು.

"ಪಾಪದ ಹುಡುಗಿ. ಹೋಗೋವಾಗ ನಿನಗೆ ಕೊಡೋಕೆ ಹೇಳಿದ್ಳು. 'ಅವರಿಗೂ ಧೈರ್ಯ ಬರ್ಲಿ. ಇದ್ರಲ್ಲೇನಿಲ್ಲ, ಎಲ್ಲ ಮನಸ್ಸಲ್ಲಿರೋದು ಅಂತ ಹೇಳಿ' ಅಂದ್ಳು."

ಕುಂಕುಮ ಅರ್ಧ ಅಳಿಸಿತ್ತು. ಅರಿಶಿನದ ದಾರ ಹಾಗೇ ಇತ್ತು.

ಚಲುವರಾಜು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಬಿಚ್ಚಿಟ್ಟಿದ್ದ ಚಪ್ಪಲಿ ಮತ್ತೆ ಮೆಟ್ಟಿದ.

"ಮತ್ತೆಲ್ಲಿಗೋ?" ಎಂದ ಲಕ್ಷ್ಮಯ್ಯ.

"ಮೆಜೆಸ್ಟಿಕ್ಕಿಗೆ. ರಾಯಚೂರಿನ ಬಸ್ಸು ಎಷ್ಟು ಹೊತ್ತಿಗಿದೆ ಅಂತ ಕೇಳ್ಕೊಂಡು ಬರ್ತೀನಿ."

"ಹೋಗು ಹೋಗು, ಅರ್ಧ ಗಂಟೇಲಿ ಬರ್ತೀಯ," ಎಂದು ಶೈಲಜಮ್ಮ ಉಳಿದ ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿದರು.

ರಸ್ತೆಯ ತಿರುವಿನಲ್ಲಿ ಸಿಟಿ ಬಸ್ಸೊಂದು ನಿಂತಿತ್ತು. ಇನ್ನು ಮೇಲೆ ನಡೆಯುವ ಮಾತೇ ಇಲ್ಲ ಎಂದುಕೊಂಡು ಚಲುವರಾಜು ಬೋರ್ಡು ಕೂಡ ನೋಡದೆ ಹಾರಿ ಹತ್ತಿದ. ಬಸ್ಸು ಹೊರಟಿತು.

"ಮೆಜೆಸ್ಟಿಕ್ಕಿಗೆ ಒಂದು," ಎಂದ.

"ಮೆಜೆಸ್ಟಿಕ್ಕಿಂದಲೇ ಬರ್ತಿರೋದು ಸ್ವಾಮಿ," ಎಂದ ಕಂಡಕ್ಟರು. "ಇದು ತ್ಯಾಗರಾಜನಗರಕ್ಕೆ ಹೋಗುತ್ತೆ. ಇಳೀತೀರಾ?"

ಚಲುವರಾಜು ಕಿಟಕಿಯ ಪಕ್ಕದ ಸೀಟಿನಲ್ಲಿ ಸರಿಯಾಗಿ ಕೂತುಕೊಂಡ.

"ಇಳಿಯೋದಿಲ್ಲ," ಎಂದ. "ತ್ಯಾಗರಾಜನಗರಕ್ಕೇ ಕೊಡಿ."