ಹೊಸ ಫೋನು, ಹಳೆಯ ಬಲಗೈ

ಸೋಮವಾರ ಬೆಳಿಗ್ಗೆ ಏಳೂವರೆಗೆ, ಕುಮಾಸಿ ನಗರದ ತನ್ನ ಮನೆಯಲ್ಲಿ, ಬೋರ್ಡು ಬರೆಯುವ ಅಡು-ಸಾರ್ಪಾಂಗ್ ಅಲಸಂದೆ ವಡೆಯನ್ನು ಸಜ್ಜೆ ಗಂಜಿಯಲ್ಲಿ ಅದ್ದಿ ಬಾಯಿಗಿಡುವಷ್ಟರಲ್ಲಿ ಹೊಸ ಫೋನು ಕುಂಯ್ ಎಂದಿತು. ವಡೆ ಗಂಟಲು ಇಳಿಯುವುದರೊಳಗೆ ನಲವತ್ತೊಂದು ಸಲ ಕುಂಯ್ ಎಂದಿತು. ಅವನ ಹಳೆಯ ಫೋನು ಇಡೀ ವರ್ಷಕ್ಕೆ ಅಷ್ಟು ಸಲ ಕೂಗುತ್ತಿರಲಿಲ್ಲ.

"ನೋಡಿದೆಯಾ?" ಎಂದ ಅವನು, ಹೆಂಡತಿ ಬ್ರಾಗೋಗೆ. "ನಿಮ್ಮ ಕಡೆಯೋರೆಲ್ಲ ನನ್ನ ಫೋಟೊ ಮೆಚ್ಕೊಳ್ತಾ ಇದ್ದಾರೆ."

ಬ್ರಾಗೋ ಒಲೆಯ ಮುಂದೆ ನಿಂತು ತನ್ನ ಫೋನು ನೋಡುತ್ತಿದ್ದಳು. "ಮೆಚ್ಕೊಳ್ತಾ ಇಲ್ಲ ಅಚಿಯಾಳ ಅಪ್ಪಾ. ಉಗೀತಾ ಇದ್ದಾರೆ."

ಈ ಫೋನು ಮನೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ಅದಕ್ಕೆ ಮೊದಲು ಹನ್ನೊಂದು ವರ್ಷ ಸಾರ್ಪಾಂಗ್ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಅಂಥದ್ದನ್ನು ಆ ಊರಿನಲ್ಲಿ ಗೆಣಸು ಎನ್ನುತ್ತಾರೆ. ಆ ಗೆಣಸು ಕೆಳಗೆ ಬಿದ್ದರೆ ನೆಲಕ್ಕೆ ಪೆಟ್ಟಾಗುತ್ತಿತ್ತು. ಬದಲಾಯಿಸಿ ಎಂದು ಹೆಂಡತಿ ಹೇಳಿದಳು, ಮಗಳು ಅಚಿಯಾ ಹೇಳಿದಳು. ಅವನು ಜಗ್ಗಲಿಲ್ಲ. "ಮಾತಾಡಿಸಿದ್ರೆ ಮಾತಾಡುತ್ತೆ, ಇಲ್ಲದಿದ್ರೆ ಸುಮ್ನಿರುತ್ತೆ. ಈ ಮನೇಲಿ ಇನ್ಯಾರಿದ್ದಾರೆ ಹಾಗೆ?" ಎಂದು ಕೇಳುತ್ತಿದ್ದ.

ಹೋದ ತಿಂಗಳು ಬ್ರಾಗೋಳ ಕಡೆಯ ಒಂದು ಸಾವಿನ ಕಾರ್ಯದಲ್ಲಿ ಅವಳ ಸೋದರಮಾವ, ಆ ಮನೆತನದ ಯಜಮಾನ, ಎಪ್ಪತ್ತೆಂಟರ ನಾನಾ ಬೋಸಿಯಾಕೋ ಆ ಗೆಣಸನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಅಳಿಯಾ, ಇದನ್ನ ಬೇಯಿಸಿ ತಿನ್ನೋದೋ, ಸುಟ್ಟು ತಿನ್ನೋದೋ?" ಇಡೀ ಶಾಮಿಯಾನ ನಕ್ಕಿತು. ಸತ್ತವರ ಮಗನೂ ನಕ್ಕ. ಸಾರ್ಪಾಂಗ್ ನಗಲಿಲ್ಲ. ಅಲ್ಲೇ ಮನಸ್ಸಿನಲ್ಲಿ ಘೋರ ಪ್ರತಿಜ್ಞೆಯೊಂದನ್ನು ಕೈಗೊಂಡ. ಹೊಸ ಫೋನು ಅದರ ಫಲ.

ಫೋನಿನ ಬಗ್ಗೆ ಅವನ ಅಭಿಪ್ರಾಯ ಮಿಶ್ರವಾಗಿತ್ತು. ಮುಖ ತೋರಿಸಿದರೆ ಅದು ತೆರೆದುಕೊಳ್ಳುತ್ತಿತ್ತು, ಮುಖಕ್ಕೆ ಬಣ್ಣ ಮೆತ್ತಿಕೊಂಡಿದ್ದರೆ ಯಾರು ನೀನು ಎನ್ನುತ್ತಿತ್ತು. (ಬೋರ್ಡು ಬರೆಯುವವನ ಮುಖಕ್ಕೆ ಬಣ್ಣವಿಲ್ಲದ ಹೊತ್ತು ಯಾವುದು?) ಯಾರೂ ಕೇಳದಿದ್ದರೂ ಇವತ್ತು ಎಷ್ಟು ಹೆಜ್ಜೆ ನಡೆದೆ ಎಂದು ವರದಿ ಒಪ್ಪಿಸುತ್ತಿತ್ತು. ಆದರೆ ಒಂದು ಗುಣ ಅವನಿಗೆ ಬಹಳ ಹಿಡಿಸಿತು. ಅದು ಮಾತು ಮಾತಿಗೂ ಅನುಮತಿ ಬೇಡುತ್ತಿತ್ತು. ಮನೆಯಲ್ಲಿ ಯಾರೂ ಅವನ ಅನುಮತಿ ಕೇಳಿ ವರ್ಷಗಳಾಗಿದ್ದವು. ಸಾರ್ಪಾಂಗ್ ಏನು ಎತ್ತ ಎಂದು ಓದದೆ, ಪ್ರತಿಯೊಂದಕ್ಕೂ ಗಾಂಭೀರ್ಯದಿಂದ ಅನುಮತಿಯನ್ನು ದಯಪಾಲಿಸಿದ.

ಭಾನುವಾರ ಅವನು ಎಜಿಸು ಊರಿನಲ್ಲಿರುವ ನಾನಾ ಅವರ ಮನೆಗೆ ಹೋಗಿದ್ದ. ಬರುವ ಶನಿವಾರ ಅಚಿಯಾಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಬಾಗಿಲು ತಟ್ಟುವ ಶಾಸ್ತ್ರ. ಅಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಹಾಗಾಗಿ ಗಂಡಿನವರು ತರುವ ಮದ್ಯವನ್ನು ಸ್ವೀಕರಿಸಿ ಹೂಂ ಎನ್ನಬೇಕಾದವರು ಆ ಮನೆತನದ ಯಜಮಾನರಾದ ನಾನಾ ಅವರೇ. (ಅಪ್ಪನ ಪಾಲಿಗೆ ಬರುವುದು ಕುರ್ಚಿ ಜೋಡಿಸುವ ಕೆಲಸ.) ನಾನಾ ಕೂರದಿದ್ದರೆ ತಟ್ಟುವುದಕ್ಕೆ ಬಾಗಿಲೇ ಇಲ್ಲ. ಅವರನ್ನು ಕರೆಯಲು ಸಾರ್ಪಾಂಗ್ ಒಂದು ಬಾಟಲಿ ಶ್ನಾಪ್ಸ್ ಮದ್ಯ ಒಯ್ದಿದ್ದ. ಬಲಗೈಯಲ್ಲಿ ಬಾಟಲಿ ಹಿಡಿದು ಚಾಚಿದ, ಎಡಗೈಯಲ್ಲಿ ಹೊಸ ಫೋನನ್ನು ಎತ್ತಿ ಹಿಡಿದ. "ನಾನಾ, ಬಾಟಲಿ ನೋಡ್ಬೇಡಿ, ಇಲ್ನೋಡಿ, ನಗಿ." ನಾನಾ ಎರಡೂ ಕೈ ಚಾಚಿ ನಕ್ಕರು. ಫೋಟೊ ಮನೆತನದ ನೂರಹನ್ನೆರಡು ಮಂದಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಗೆಣಸು ಎಂದು ನಕ್ಕವರಿಗೆ ಅದೇ ಉತ್ತರವಾಗಿತ್ತು.

ಈಗ ಆ ಫೋಟೊದಲ್ಲಿ ಸಾರ್ಪಾಂಗ್ ಎಡಗೈಯಿಂದ ಬಾಟಲಿ ಕೊಡುತ್ತಿದ್ದ.

ಎಡಗೈಯಲ್ಲಿ ದಾರಿ ತೋರಿಸಬೇಕಾಗಿ ಬಂದರೂ ಮೊದಲು ಕ್ಷಮೆ ಕೇಳಿ ಆಮೇಲೆ ತೋರಿಸುವ ಊರದು. ಹ್ಯಾಂಬರ್ಗ್‌ನಿಂದ ಬ್ರಾಗೋಳ ಚಿಕ್ಕಮ್ಮನ ದನಿ ಬಂದಿತ್ತು: "ಬ್ರಾಗೋ, ನಿನ್ ಗಂಡನ ಬಲಗೈ ಮುರಿದಿದೆಯಾ? ಮುರಿದಿದ್ರೆ ಹೇಳು, ಇಲ್ಲಿಂದ ಮುಲಾಮು ಕಳಿಸ್ತೀನಿ. ಮುರಿದಿಲ್ದೆ ಇದ್ರೂ ಹೇಳು, ಆಗ ಬೇರೆ ಥರ ಮಾತಾಡ್ತೀನಿ." ಕೊನೆಯಲ್ಲಿ ನಾನಾ ಅವರದೇ ಒಂದು ಸಾಲು ಇತ್ತು. ಶನಿವಾರ ನಾನು ಕೂರುವುದಿಲ್ಲ.

ಅಚಿಯಾ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿ ಬಂದಳು. "ಅಪ್ಪಾ! ಗಂಡಿನ ಕಡೆಯೋರು ಸುನ್ಯಾನಿಯಿಂದ ಬರೋದಕ್ಕೆ ಬಸ್ಸು ಹೇಳಿ ಆಗಿದೆ!"

"ನಾನು ಬಲಗೈಯಲ್ಲೇ ಕೊಟ್ಟಿದ್ದು!"

"ಫೋಟೊ ಸುಳ್ಳು ಹೇಳುತ್ತಾ?" ಎಂದಳು ಬ್ರಾಗೋ. "ಒಂದು ಕುರಿ ಕೊಟ್ಟು ತಪ್ಪಾಯ್ತು ಅಂದ್ಬಿಡಿ. ಮಗಳ ವಿಷಯ."

"ಮಾಡದ ತಪ್ಪಿಗೆ ಕುರಿಯ ಬಾಲಾನೂ ಕೊಡಲ್ಲ. ಬರಲಿ ನಿನ್ ನೂರಹನ್ನೆರಡು ಜನ. ಈ ಕೈ ನಲವತ್ತು ವರ್ಷದಿಂದ ಕುಮಾಸಿಯ ಬೋರ್ಡುಗಳನ್ನ ಬರೆದಿದೆ!"

ಬ್ರಾಗೋ ಫೋಟೊವನ್ನು ಹಿಗ್ಗಿಸಿದಳು, ಕಣ್ಣು ಕಿರಿದು ಮಾಡಿದಳು. "ಬಾಟಲಿ ಮೇಲಿನ ಅಕ್ಷರ ಎಲ್ಲ ಹಿಂದುಮುಂದಾಗಿದೆ. ನೀವು ಬೋರ್ಡು ಬರೆಯೋರು ತಾನೇ? ಇದು ಕಾಣ್ಲಿಲ್ವಾ?"

ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಫೋಟೊದಲ್ಲಿ ಸಾರ್ಪಾಂಗ್ ತನ್ನ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

"ಮುಂದಿನ ಕ್ಯಾಮರಾ ಕನ್ನಡಿ ಥರ ಅಪ್ಪಾ," ಎಂದಳು ಅಚಿಯಾ. "ಕನ್ನಡಿಯಲ್ಲಿ ಕಂಡ ಹಾಗೇ ಉಳಿಸಲಾ ಅಂತ ಮೊದಲ್ನೇ ದಿನ ಕೇಳಿರುತ್ತೆ. ನೀವೇನಂದ್ರಿ?"

"ಅನುಮತಿ ಕೊಟ್ಟೆ," ಎಂದ ಸಾರ್ಪಾಂಗ್. ಮರುಕ್ಷಣವೇ ಎದ್ದು ನಿಂತ. "ಹಾಗಾದ್ರೆ ಗೆದ್ದೆ! ನಡೀರಿ ಎಜಿಸುಗೆ!"

"ಅಕ್ಷರ ತೋರಿಸಿದ್ರೆ ನಾನಾ ಬಾಟಲಿನೇ ನಕಲಿ ಅಂತಾರೆ," ಎಂದಳು ಬ್ರಾಗೋ. "ಅವರ ಹೆಗಲು ತೋರಿಸಿ."

ಸಂಜೆ ಐದಕ್ಕೆ ನಾನಾ ಅವರ ಜಗಲಿಯಲ್ಲಿ ಮೂವರು ಹಿರಿಯರು ಸಾಲಾಗಿ ಕೂತಿದ್ದರು. ನಾಲ್ಕನೆಯವರಾಗಿ ಹ್ಯಾಂಬರ್ಗ್ ಚಿಕ್ಕಮ್ಮ, ನಾನಾ ಅವರ ಫೋನಿನೊಳಗೆ, ನೀರಿನ ಹೂಜಿಗೆ ಒರಗಿ ಕೂತಿದ್ದರು. ಬಂದವರಿಗೆ ನೀರು ಕೊಟ್ಟಾಯಿತು, ಬಂದ ಕಾರಣ ಕೇಳಿಯಾಯಿತು. ಸಾರ್ಪಾಂಗ್ ಎದ್ದು ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

"ನಾನಾ, ಒಂದೇ ಪ್ರಶ್ನೆ. ನಿಮ್ಮ ಜನ್ಮದಲ್ಲಿ ಒಂದು ದಿನವಾದ್ರೂ ಎಡಹೆಗಲು ಬಿಟ್ಟು ಬಲಹೆಗಲ ಮೇಲೆ ಬಟ್ಟೆ ಹೊದ್ದಿದ್ದೀರಾ?"

"ಹುಚ್ಚು ಹಿಡಿದ್ರೂ ಹೊದೆಯಲ್ಲ," ಎಂದರು ನಾನಾ.

"ಹಾಗಾದ್ರೆ ಈ ಫೋಟೊದಲ್ಲಿ ಬಲಹೆಗಲಿಗೆ ಹೊದ್ದು ನಗ್ತಾ ಕೂತಿರೋರು ಯಾರು?"

ಎರಡನೆಯ ಹಿರಿಯರು ತಮ್ಮ ಹೆಗಲನ್ನು ಮುಟ್ಟಿ ನೋಡಿಕೊಂಡರು. ನಾನಾ ಕನ್ನಡಕ ಹುಡುಕಿ ಹಾಕಿಕೊಂಡರು. ಅವರ ಫೋನಿನ ತುಂಬ ಚಿಕ್ಕಮ್ಮ ಇದ್ದುದರಿಂದ, "ಎಲ್ಲಿ, ನಿನ್ನದನ್ನ ಕೊಡು ನೋಡೋಣ," ಎಂದರು.

ಸಾರ್ಪಾಂಗ್‌ನ ಬದುಕಿನ ಮಹೋನ್ನತ ಗಳಿಗೆ ಅದು. ನಿರಪರಾಧಿಯಾದ ಬಲಗೈಯನ್ನು ಅವನು ಇನ್ನೂ ಎರಡು ಅಂಗುಲ ಮೇಲೆತ್ತಿದ. "ಇದೇ ಕೈ ನಾನಾ! ಈ ಕೈ ತಪ್ಪು ಮಾಡಿಲ್ಲ!" ಎನ್ನುತ್ತಾ ಫೋನನ್ನು ಮುಂದೆ ಚಾಚಿದ.

ನಾನಾ ಫೋನನ್ನು ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು. ಮೂವರೂ ಹಿರಿಯರು ನೋಡಿದರು. ಬ್ರಾಗೋ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಳು. ಹೂಜಿಯ ಕಡೆಯಿಂದ ಚಿಕ್ಕಮ್ಮ ಕೂಗಿದರು: "ನಾನು ನೋಡ್ದೆ! ಎಡಗೈ! ಈ ಸಲ ಕನ್ನಡಿ ಗಿನ್ನಡಿ ಏನೂ ಇಲ್ಲ!"

ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲನೆಯ ಆಪಾದನೆಯಲ್ಲಿ ತಪ್ಪು ಫೋನಿನದು. ಎರಡನೆಯದರಲ್ಲಿ ಒಂದು ಕುರಿ. ಕುರಿ ಬಂದರೆ ಶನಿವಾರ ನಾನಾ ಕೂರುತ್ತಾರೆ.

"ಗೆಣಸಿಗೆ ಒಂದು ಕೈ ಸಾಕಾಗಿತ್ತಲ್ಲ ಅಳಿಯಾ," ಎಂದರು ನಾನಾ ಬೀಳ್ಕೊಡುವಾಗ.

ಹಿಂದಿರುಗುವ ವ್ಯಾನಿನಲ್ಲಿ ಸಾರ್ಪಾಂಗ್ ಎದೆಯುಬ್ಬಿಸಿಯೇ ಕೂತಿದ್ದ. "ಮೊದಲ್ನೇದರಲ್ಲಿ ಗೆದ್ದೆ. ಅದನ್ನ ಗುಂಪಲ್ಲಿ ಬರಿ."

"ಬರೆದೆ," ಎಂದಳು ಬ್ರಾಗೋ. "ಎರಡನೇದನ್ನ ಚಿಕ್ಕಮ್ಮ ಆಗ್ಲೇ ಬರೆದಾಯ್ತು."

ಶುಕ್ರವಾರ ಬೆಳಿಗ್ಗೆ ಅಡು-ಸಾರ್ಪಾಂಗ್ ಕುರಿಯೊಂದಿಗೆ ಎಜಿಸುಗೆ ಹೋಗುತ್ತಾನೆ. ಹಗ್ಗ ಬಲಗೈಯಲ್ಲಿರುತ್ತದೆ. ಫೋಟೊ ತೆಗೆಯುವವಳು ಬ್ರಾಗೋ, ಹಿಂದಿನ ಕ್ಯಾಮರಾದಲ್ಲಿ.