ಕಿಟಕಿಗೆ ಥಾಣೆ ಇಲ್ಲ

ಸ್ವಯಮಾಡಳಿತವೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಪುಸ್ತಕ ತೆರೆಯುವುದಿಲ್ಲ. ಸ್ವಲ್ಪ ಸರಿದು ಕೂತುಕೊಳ್ಳಿ ಎನ್ನುತ್ತೇನೆ. ರೈಲಿನವರು ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವನೊಬ್ಬ ಕೂರುತ್ತಾನಲ್ಲ, ಅರ್ಧ ಮೈ ಹಲಗೆಯ ಮೇಲೆ, ಉಳಿದರ್ಧ ದೇವರ ಮೇಲೆ ಭಾರ ಹಾಕಿ, ಅದೇ ಸ್ವಯಮಾಡಳಿತ. ಸರಕಾರದ ಯಾವ ಕಾಗದದಲ್ಲೂ ಆ ನಾಲ್ಕನೆಯ ಸೀಟು ಇಲ್ಲ. ಆದರೂ ಡೊಂಬಿವ್ಲಿಯಿಂದ ಲೋಕಲಿನ ಕೊನೆಯ ಸ್ಟೇಶನ್ ವಿ.ಟಿ.ಯವರೆಗೆ ಅದು ಇಲ್ಲವೆನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಈ ವಿಷಯದಲ್ಲಿ ನಾನು ತುಸು ಗತ್ತಿನಿಂದಲೇ ಮಾತಾಡಬಲ್ಲೆ, ಏಕೆಂದರೆ ಏಳು ವರ್ಷ ನಾನು ಇಂಥದೊಂದು ಪುಟ್ಟ ಪ್ರಾಂತದ ಅಧ್ಯಕ್ಷನಾಗಿದ್ದೆ. ಆರು ವರ್ಷ ಎನ್ನುತ್ತಾಳೆ ನನ್ನ ಹೆಂಡತಿ, ಬೆನ್ನ ಹಿಂದೆ ನಿಂತು ಇದನ್ನು ಓದುತ್ತ. ಅವಳ ನೆನಪು ನನ್ನದಕ್ಕಿಂತ ಚೊಕ್ಕಟ. ಅಷ್ಟು ಚೊಕ್ಕಟವಾದ ನೆನಪನ್ನು ನಾನು ನಂಬುವುದಿಲ್ಲ.

ಪ್ರಾಂತದ ಎಲ್ಲೆ ಹೇಳಿಬಿಡುತ್ತೇನೆ. ಬೆಳಗಿನ ಎಂಟು ಹನ್ನೆರಡರ ಲೋಕಲು, ಎರಡನೆಯ ದರ್ಜೆ, ಮುಂದಿನಿಂದ ಮೂರನೆಯ ಡಬ್ಬಿ, ಎದುರುಬದುರಾದ ಎರಡು ಬೆಂಚು. ಪ್ರಜೆಗಳು ಹತ್ತು ಮಂದಿ, ಸೀಟು ಎಂಟು. ಇಬ್ಬರು ನಿಲ್ಲಲೇಬೇಕು. ಥಾಣೆ ಸ್ಟೇಶನ್ ಬಂದ ಕೂಡಲೇ ಕೂತವರಲ್ಲಿ ಸರದಿಯ ಇಬ್ಬರು ಎದ್ದು, ನಿಂತ ಇಬ್ಬರನ್ನು ಕೂರಿಸಬೇಕು. ಇದನ್ನು ಯಾರು ಯಾವಾಗ ಗೊತ್ತು ಮಾಡಿದರೋ ಯಾರಿಗೂ ತಿಳಿಯದು. ಆದರೆ ಥಾಣೆಯ ಫಲಕ ಕಂಡರೆ ನಿದ್ದೆಯಲ್ಲಿದ್ದವರೂ ಏಳುತ್ತಿದ್ದರು. ಏಳದೆ ಇದ್ದವರು ಒಬ್ಬರೇ, ಗಾಳಿಗೆ ಮುಖ ಮಾಡಿದ ಕಿಟಕಿಯ ಪೈ ಮಾಮ. (ಎದುರು ಬೆಂಚಿನ ಕಿಟಕಿ ಗಾಳಿಗೆ ಬೆನ್ನು ಮಾಡಿದ್ದು, ಅದು ಲೆಕ್ಕಕ್ಕಿಲ್ಲ.) ಉಡುಪಿ ಕಡೆಯವರು, ವಿಮಾ ಕಚೇರಿಯ ಹಿರಿಯ ಗುಮಾಸ್ತರು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಮಡಿಕೆಯ ಬಿಳಿ ಟವೆಲು ಹಾಸಿ, ಅದರ ಮೇಲೆ ಮೊಣಕೈ, ಮೊಣಕೈಯ ಮೇಲೆ ತಲೆ, ಹೀಗೆ ವಿ.ಟಿ.ವರೆಗೆ ನಿದ್ದೆ. 'ಕಿಟಕಿಗೆ ಥಾಣೆ ಇಲ್ಲ' ಎಂಬುದು ನಮ್ಮ ಪ್ರಾಂತದ ಮೊದಲ ಮತ್ತು ಏಕೈಕ ವಿನಾಯಿತಿ.

ಈ ರಾಜ್ಯಕ್ಕೆ ಪೊಲೀಸರೂ ಬೇಕಿರಲಿಲ್ಲ. ಒಮ್ಮೆ ಉಲ್ಹಾಸನಗರದ ವ್ಯಾಪಾರಿಯೊಬ್ಬ, ಡೊಂಬಿವ್ಲಿಯಲ್ಲಿ ಮಾವನ ಮನೆಗೆ ಬಂದಿದ್ದವನು, ಪೈ ಮಾಮನಿಗಿಂತ ಮೊದಲೇ ಹತ್ತಿ ಕಿಟಕಿಯಲ್ಲಿ ಕೂತುಬಿಟ್ಟ. ಟಿಕೆಟ್ಟು ಇದೆ ಎಂದು ತೋರಿಸಿದ. ಯಾರೂ ಜಗಳವಾಡಲಿಲ್ಲ. ಹತ್ತು ಜನ ಅವನನ್ನು ನೋಡಿದೆವು, ಅಷ್ಟೇ. ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಶೆಟ್ಟರು ಮಾತ್ರ ಮೆಲ್ಲಗೆ, "ಬೇಚಾರಾ, ಉಸ್ಕೋ ಮಾಲೂಮ್ ನಹೀ" ಎಂದರು. ಪಾಪ, ಅವನಿಗೆ ಏನು ಗೊತ್ತಿಲ್ಲ ಎಂದು ಮಾತ್ರ ಹೇಳಲಿಲ್ಲ. ದಿವಾ ಬರುವುದರೊಳಗೆ ಆತ ಎರಡು ಸಲ ಸೀಟಿನ ಕೆಳಗೆ ಬಗ್ಗಿ ನೋಡಿದ. ಮುಂಬ್ರಾದಲ್ಲಿ ಎದ್ದು ಹೋಗಿ ಬಾಗಿಲ ಬಳಿ ನಿಂತ.

ಪೈ ಮಾಮನ ನಿವೃತ್ತಿ ಹತ್ತಿರ ಬಂತು. ಆ ಕಿಟಕಿ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಸಾಲದು. ನಮ್ಮ ಕಟ್ಟಡದಲ್ಲಿ ನಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕಕ್ಕೆ. ಏಳುವವನು ನಾನು, ಕೊಡ ಬಕೆಟ್ಟು ಪಾತ್ರೆ ಚೊಂಬು ತುಂಬಿಸುವವನು ನಾನು, ಆಮೇಲೆ ದಿನವಿಡೀ ತೂಕಡಿಸುವವನೂ ನಾನು. ಒಂದು ಖೋಲಿ, ಒಂದು ಅಡುಗೆಮನೆ, ಆರು ಜನರ ಆ ಸಂಸಾರದಲ್ಲಿ ತಲೆ ಒರಗಿಸಲು ಒಂದು ಗೋಡೆಯೂ ನನ್ನ ಪಾಲಿಗೆ ಇರಲಿಲ್ಲ. ದೇವರು ಪ್ರತ್ಯಕ್ಷನಾಗಿ ವರ ಕೇಳು ಎಂದಿದ್ದರೆ ಮೋಕ್ಷ ಕೇಳುತ್ತಿರಲಿಲ್ಲ, ಆ ಟವೆಲಿನ ಜಾಗ ಕೇಳುತ್ತಿದ್ದೆ. ಆದರೆ ರೂಢಿಯ ಪ್ರಕಾರ ಕಿಟಕಿ, ಬೆಂಚಿಗೆ ಮೊದಲು ಬಂದು ಸೇರಿದವರಿಗೆ. ಬೆಂಚಿನವರ ಲೆಕ್ಕದಲ್ಲಿ ಅದು ಕುಲಕರ್ಣಿಯವರಿಗೆ. ವಿಜಾಪುರದವರು, ಬ್ಯಾಂಕಿನವರು, ಮಾತಿಗೆ ಮುಂಚೆ ನಗುವವರು. ನಾನು ಅವರಿಗಿಂತ ಮೂರು ತಿಂಗಳು ಮೊದಲು ಸೇರಿದ್ದೆನೆಂದು ನನ್ನ ನೆನಪು. ನನಗೆ ನಾಲ್ಕನೆಯ ಸೀಟು ಬಿಟ್ಟುಕೊಟ್ಟವರೇ ತಾವೆಂದು ಅವರ ನೆನಪು. ಸಾಕ್ಷಿ ಹೇಳಬೇಕಾದ ಪೈ ಮಾಮ ಆಗಲೂ ನಿದ್ದೆಯಲ್ಲಿದ್ದರಂತೆ.

ನನ್ನ ಉದ್ಯೋಗವನ್ನು ಇಲ್ಲಿ ಹೇಳಬೇಕು. ನಾನಿದ್ದ ಸರಕಾರಿ ಕಚೇರಿಗೆ, ನಮಗೆ ಪ್ರತ್ಯೇಕ ಪಂಚಾಯತಿ ಕೊಡಿ ಎಂದು ಹಳ್ಳಿಗಳು ಬರೆದುಕೊಂಡ ಅರ್ಜಿಗಳು ಬರುತ್ತಿದ್ದವು. ಕಣ್ಣಿಂದ ಕಾಣದ ಆ ಹಳ್ಳಿಗಳ ಬಗ್ಗೆ 'ಗ್ರಾಮಸ್ಥರು ಇನ್ನೂ ಸ್ವಯಮಾಡಳಿತಕ್ಕೆ ಸಿದ್ಧರಾಗಿಲ್ಲ' ಎಂದು ತೂಕಡಿಸುತ್ತಲೇ ಷರಾ ಬರೆಯುವುದು ನನ್ನ ಕೆಲಸ. ಆದರೆ ಅದೇ ದಿನಗಳಲ್ಲಿ ನಮ್ಮ ಡೊಂಬಿವ್ಲಿಯನ್ನು ಕಲ್ಯಾಣದ ಜತೆ ಸೇರಿಸಿ ಮಹಾಪಾಲಿಕೆ ಮಾಡುತ್ತಾರೆಂಬ ಸುದ್ದಿ ಹಬ್ಬಿತ್ತು. ನಮ್ಮನ್ನು ಆಳಲು ಕಲ್ಯಾಣದವರು ಯಾರು ಎಂದು ಬೆಂಚಿನಲ್ಲಿ ನಾನು ಗುಡುಗುತ್ತಿದ್ದೆ. ಬೆಳಿಗ್ಗೆ ರೈಲಿನಲ್ಲಿ ಕ್ರಾಂತಿಕಾರಿ, ಹನ್ನೊಂದಕ್ಕೆ ಕಚೇರಿಯಲ್ಲಿ ಬ್ರಿಟಿಷರವ. ಆ ಗುಡುಗಿನ ನಡುವೆಯೇ ನನಗೆ ಹೊಳೆಯಿತು: ರೂಢಿಯಿಂದ ಕಿಟಕಿ ಸಿಗದಿದ್ದರೆ ಕಾಯಿದೆಯಿಂದ ಸಿಗಬಹುದು.

ಎರಡು ರವಿವಾರ ಕೂತು ಬರೆದೆ. ಕಲಮು ಒಂದು: ಕಿಟಕಿಯ ಸೀಟು ವಯಸ್ಸಿನಲ್ಲಿ ಹಿರಿಯನಾದ ಸದಸ್ಯನಿಗೆ ಸಲ್ಲತಕ್ಕದ್ದು. (ಪೈ ಮಾಮ ಹೋದರೆ ನಾನೇ ಹಿರಿಯ, ಕುಲಕರ್ಣಿ ನನಗಿಂತ ಎಂಟು ತಿಂಗಳಿಗೆ ಚಿಕ್ಕವರು.) ಅವರು ಮುನಿಸಿಕೊಂಡಾರೆಂದು ಅಧ್ಯಕ್ಷಪದವಿಯೊಂದನ್ನು ಹುಟ್ಟಿಸಿದೆ. ತಮ್ಮ ಕಟ್ಟಡದ ಗಣಪತಿ ಮಂಡಳಿ, ಭಜನಾ ಮಂಡಳಿ, ತಾರಸಿ ರಿಪೇರಿ ಸಮಿತಿ, ಎಲ್ಲಕ್ಕೂ ಅವರೇ ಅಧ್ಯಕ್ಷರು. ಪದವಿ ಕಂಡರೆ ಬಿಡುವವರಲ್ಲ. ಅಧ್ಯಕ್ಷರಾಗಿ ಕಿಟಕಿಯನ್ನೂ ಕಬಳಿಸದಿರಲೆಂದು ಕಲಮು ಎರಡು: ಸೇವೆಯೇ ಅಧಿಕಾರವೆಂಬ ತತ್ತ್ವಕ್ಕನುಸಾರವಾಗಿ ಅಧ್ಯಕ್ಷನು ಸದಸ್ಯರೆಲ್ಲರೂ ಕುಳಿತ ಮೇಲೆಯೇ ಕುಳಿತುಕೊಳ್ಳತಕ್ಕದ್ದು. ಆಮೇಲೆ ಅವರು ಬುದ್ಧಿ ಬಂದು ನುಣುಚಿಕೊಳ್ಳದಿರಲೆಂದು ಕಲಮು ಮೂರು: ಅಧ್ಯಕ್ಷನ ರಾಜೀನಾಮೆಯಾಗಲಿ ಈ ಕಾಯಿದೆಯ ತಿದ್ದುಪಡಿಯಾಗಲಿ ಎಲ್ಲ ಸದಸ್ಯರೂ ಒಪ್ಪಿದ ಹೊರತು ಅಂಗೀಕಾರವಾಗತಕ್ಕದ್ದಲ್ಲ. ಓದಿ ನೋಡಿದೆ. ಇಲಿಯೊಂದು ನುಸುಳುವಷ್ಟು ಸಂದೂ ಇರಲಿಲ್ಲ.

ಪೈ ಮಾಮನ ಕೊನೆಯ ದಿನ ಪೇಢೆ ಹಂಚಿ, ಡಬ್ಬಿಯ ಕಂಬಕ್ಕೆ ಒರಗಿ ನಾನು ಅದನ್ನು ಓದಿದೆ. ಬಿಸಿಲಿಗೆ ಪೈ ಮಾಮನ ಟವೆಲು ಫಳಫಳ ಹೊಳೆಯುತ್ತಿತ್ತು. "ಬಿಸಿಲೆಲ್ಲಿಂದ ಬಂತ್ರೀ? ಆಗ ಹುಚ್ಚುಮಳಿ. ತೊಯ್ದ ಪೇಢೆ ತಂದು ಮಕ್ಕಳಿಗೆ ಕೊಟ್ಟಿದ್ರಿ" ಎಂದು ಈಗ ಬೆನ್ನ ಹಿಂದಿನಿಂದ ಹೆಂಡತಿಯ ದನಿ. ಇರಲಿ, ಟವೆಲು ಇತ್ತು.

ಬಂದರಿನ ಕಚೇರಿಯ ಸಾವಂತರು, "ಅಹೋ ಸಾಹೇಬ್, ಬಸಾಯ್‌ಲಾ ಸುದ್ಧಾ ಕಾಯದಾ?" ಎಂದು ಹುಬ್ಬೇರಿಸಿದರು.

"ಅದೇ ನಾನೂ ಕೇಳುದು," ಎಂದರು ಶೆಟ್ಟರು. "ಎಂತ ಮಾರಾಯ್ರೇ, ಕೂತ್ಕೊಳ್ಳುದಕ್ಕೂ ಕಾನೂನು ಬೇಕಾ? ನಾಳೆ ಸೀನುದಕ್ಕೂ ಒಂದು ಮಾಡ್ತೀರಿ ನೀವು."

ಬರಹದಲ್ಲಿಲ್ಲದ ಹಕ್ಕು ಹಕ್ಕೇ ಅಲ್ಲ, ಇವತ್ತು ನಮ್ಮ ಬೆಂಚನ್ನು ನಾವು ಆಳಿಕೊಳ್ಳದಿದ್ದರೆ ನಾಳೆ ಕಲ್ಯಾಣದವರು ಬಂದು ಆಳುತ್ತಾರೆ, ಎಂದೆ. ಕಲ್ಯಾಣದ ಹೆಸರು ಕೇಳಿದ್ದೇ ತಡ, ಎಲ್ಲರೂ ನೆಟ್ಟಗೆ ಕೂತರು. ಕಾಯಿದೆ ಪಾಸಾಯಿತು.

"ಈಗ ಅಧ್ಯಕ್ಷರ ಆಯ್ಕೆ" ಎಂದು ನಾನು ಕುಲಕರ್ಣಿಯವರತ್ತ ಕೈ ಚಾಚಿದೆ.

"ತಡೀರಿ ಸಾಹೇಬ್ರ," ಎಂದರು ಅವರು, ಪೇಢೆ ಮೆಲ್ಲುತ್ತ. "ಆ ಎರಡನೇ ಕಲಮು ಇನ್ನೊಮ್ಮೆ ಓದ್ರಿ. ಭಾಳ ಛಂದ ಬರದೀರಿ."

ಹೊಗಳಿಕೆಗೆ ಸೋತು ಭಾವಪೂರ್ಣವಾಗಿ ಓದಿದೆ.

"ಕೇಳಿದ್ರೆಲ್ಲಾ? ಸೇವಾನೇ ಅಧಿಕಾರ ಅಂತ! ಇಂಥಾ ಧ್ಯೇಯ ಇದ್ದವ್ರನ್ನ ಬಿಟ್ಟು ನನ್ನಂಥಾವನ್ನ ಅಧ್ಯಕ್ಷ ಮಾಡಿದ್ರ ಅನ್ಯಾಯ ಆಗ್ತದ. ಇವ್ರೇ ಆಗ್ಲಿ."

"ಹೌದು ಹೌದು," ಶೆಟ್ಟರು ಬೆಂಚು ತಟ್ಟಿದರು. "ಬರ್ದವ್ರಿಗೇ ಗೊತ್ತುಂಟಲ್ಲ, ಹೇಗೆ ನಿಲ್ಲುದು ಅಂತ."

ನಾನು ಬಾಯಿ ತೆರೆದೆ. ಸಾವಂತರು ಅದರಲ್ಲಿ ಒಂದು ಪೇಢೆ ಇಟ್ಟರು. ಅದನ್ನು ನುಂಗುವಷ್ಟರಲ್ಲಿ ಸರ್ವಾನುಮತ ಆಗಿಹೋಗಿತ್ತು. ವಿ.ಟಿ.ಯಲ್ಲಿ ಇಳಿಯುವಾಗ ಪೈ ಮಾಮ ಕಣ್ಣು ತುಂಬಿಕೊಂಡು ಟವೆಲನ್ನು ಹಿರಿಯನೆಂದು ನನ್ನ ಕೈಗಿತ್ತರು. ನಾನು ಅದನ್ನು ಕಲಮು ಒಂದು ಮತ್ತು ಎರಡನ್ನು ಕೂಡಿಸಿ ಓದಿಕೊಂಡು, ನನ್ನ ನಂತರದ ಹಿರಿಯರಾದ ಕುಲಕರ್ಣಿಯವರ ಕೈಗಿತ್ತೆ.

ಈ ಕಾಯಿದೆಯ ನಿಜವಾದ ಸೌಂದರ್ಯ ನನಗೆ ತಿಳಿದದ್ದು ಮರುದಿನ. ಪೈ ಮಾಮ ಹೋದ ಮೇಲೆ ಪ್ರಜೆಗಳು ಒಂಬತ್ತು, ಸೀಟು ಎಂಟು. ನಿಲ್ಲಬೇಕಾದವನು ಒಬ್ಬನೇ, ಮತ್ತು ಅವನು ಯಾರೆಂದು ಬರೆದಿಟ್ಟಿತ್ತು. ಥಾಣೆಯಲ್ಲಿ ಏಳುವ ಕಷ್ಟವೇ ಯಾರಿಗೂ ಉಳಿಯಲಿಲ್ಲ. ಕಿಟಕಿಗಷ್ಟೇ ಇದ್ದ ವಿನಾಯಿತಿ ಎಂಟೂ ಸೀಟಿಗೆ ಸಿಕ್ಕಿತು. ಇಂಥ ಸುಖೀ ರಾಜ್ಯವನ್ನು ನಾನು ಯಾವ ಫೈಲಿನಲ್ಲೂ ನೋಡಿರಲಿಲ್ಲ. ನೆಗಡಿಯಾಗಿ ನಾನು ರಜೆ ಹಾಕಿದರೆ ಮರುದಿನ ಎಲ್ಲರೂ ಚಿಂತೆಯಿಂದ ಆರೋಗ್ಯ ವಿಚಾರಿಸುತ್ತಿದ್ದರು: ಎಂಟು ಜನಕ್ಕೆ ಎಂಟು ಸೀಟು ಇದ್ದರೂ, ನಾನು ಬಂದು ನಿಂತರೇ ಅವರಿಗೆ ಸಮಾಧಾನವಂತೆ. ನಾಲ್ಕು ಸಲ ರಾಜೀನಾಮೆ ಕೊಟ್ಟೆ. "ಛೇ ಛೇ, ನಿಮ್ಮಂಥಾವ್ರು ಎಲ್ಲಿ ಸಿಗ್ತಾರ್ರೀ?" ಎಂದು ಕುಲಕರ್ಣಿಯವರು ಟವೆಲಿನಿಂದ ತಲೆಯೆತ್ತದೆಯೇ ತಿರಸ್ಕರಿಸಿದರು. ಕೈಹಿಡಿಯ ಸರಳಿಗೆ ಜೋತು ನಿಂತೇ ನಿದ್ದೆ ಮಾಡುವ ವಿದ್ಯೆ ಕಲಿತೆ. ಕಚೇರಿಯಲ್ಲಿ ಷರಾ ಬರೆಯುವ ಕೈ ಕೊಂಚ ಬದಲಾಯಿತು. 'ಕೇಳಿದವರಿಗೆ ಕೂಡಲೇ ಕೊಡಬಹುದು' ಎಂದು ಬರೆಯತೊಡಗಿದೆ. ಕಣ್ಣಿಗೆ ಕಾಣದ ಆ ಊರುಗಳಲ್ಲೂ ಕಾಯಿದೆ ಬರೆಯುವ ಆಸೆಯ ಜಾಣನೊಬ್ಬ ಇದ್ದೇ ಇರುತ್ತಾನೆ, ನಾನೊಬ್ಬನೇ ಯಾಕೆ ನಿಲ್ಲಬೇಕು?

ಕೊನೆಗೆ ನನ್ನ ನಿವೃತ್ತಿಯ ದಿನವೂ ಬಂತು. ಅಂದು ಕುಲಕರ್ಣಿಯವರು ತಾವೇ ಎದ್ದು, ಟವೆಲು ಕೊಡವಿ ಹಾಸಿ, "ಇವತ್ತೊಂದಿನ ಕಾಯ್ದೆ ಮರೀರಿ. ಮಕ್ಕೊಳ್ರಿ" ಎಂದರು. ಕೂತೆ. ಮೊಣಕೈ ಇಟ್ಟೆ, ತಲೆ ಇಟ್ಟೆ. ಗಾಳಿ ಬಂತು. ನಿದ್ದೆ ಬರಲಿಲ್ಲ. ಒಬ್ಬ ಸದಸ್ಯ ಎದುರಿಗೆ ನಿಂತಿದ್ದಾನೆ, ಅಧ್ಯಕ್ಷ ಕೂತಿದ್ದಾನೆ! ಥಾಣೆ ಬಂದಾಗ ತಡೆಯಲಾಗದೆ ಎದ್ದುಬಿಟ್ಟೆ. ಕುಲಕರ್ಣಿಯವರು ಟವೆಲು ಸರಿಪಡಿಸಿಕೊಂಡು ಕೂತರು.

"ಏನು ಸುಳ್ಳು ಬರೀತೀರಿ!" ಎಂದು ಈಗ ಹೆಂಡತಿ ಪೆನ್ನಿಗೇ ಕೈ ಹಾಕಿದ್ದಾಳೆ. "ಕುಲಕರ್ಣಿಯವ್ರು ಸಂಜೀಕ ಬಂದು ಹೇಳಿಲ್ಲೇನು? ದಿವಾ ದಾಟೂದ್ರಾಗ ಗೊರಕೆ ಹೊಡದ್ರಿ. ವಿ.ಟಿ.ಯಾಗ ಎಂಟು ಮಂದಿ ಎಬ್ಬಿಸಿದ್ರೂ ಏಳಲಿಲ್ಲ. ಅದೇ ಗಾಡಿಯೊಳಗ ತಿರುಗಿ ಡೊಂಬಿವ್ಲಿಗೆ ಬಂದ್ರಿ. ನಿಮ್ಮ ಸತ್ಕಾರದ ಹಾರಾನ ಆಫೀಸಿನವ್ರು ಪೇಪರಿನಾಗ ಸುತ್ತಿ ಮನೀಗೆ ಕಳಿಸಿದ್ರು."

ಹಾರ ಪೇಪರಿನಲ್ಲಿ ಸುತ್ತಿಕೊಂಡು ಬಂದದ್ದು ನಿಜ. ಅದು ಹೇಗೆ ಬಂತೆಂಬುದು ನನ್ನ ನೆನಪಿನಲ್ಲಿಲ್ಲ. ಆದರೂ ನಾನು ಥಾಣೆಯಲ್ಲಿ ಎದ್ದು ನಿಂತೆ ಎಂದೇ ಇಲ್ಲಿ ಬರೆದಿದ್ದೇನೆ. ತಿದ್ದುಪಡಿ ಬೇಕೆನ್ನುವವರು ಕಲಮು ಮೂರನ್ನು ನೋಡಬಹುದು: ಎಲ್ಲ ಸದಸ್ಯರೂ ಒಪ್ಪಬೇಕು. ನಾನು ಒಪ್ಪುವುದಿಲ್ಲ.